ಬಿಸಿಲುಗುದುರೆಯ ಆಚೆ: ಮರುಭೂಮಿಯ ನಿಸರ್ಗ ಬರಹ ಮತ್ತು ಕನ್ನಡದ ಹಸಿರು ಕಣ್ಣು

ಕನ್ನಡದಲ್ಲಿ ‘ಪರಿಸರ ಸಾಹಿತ್ಯ’ವೆಂಬ ಮಾತು ಬಳಕೆಗೆ ಬಂದಂದಿನಿಂದಲೂ ಅದು ಬಹುಮಟ್ಟಿಗೆ ಕಾಡಿನ ಸಾಹಿತ್ಯವೆಂಬ ಅರ್ಥದಲ್ಲಿಯೇ ನೆಲೆಯೂರಿದೆ. ಕುವೆಂಪು ಅವರ ಮಲೆನಾಡಿನ ಕಾದಂಬರಿಗಳು, ಶಿವರಾಮ ಕಾರಂತರ ‘ಬೆಟ್ಟದ ಜೀವ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ‘ಪರಿಸರದ ಕತೆ’ ಇವೇ ತರಗತಿಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಈ ವಿಷಯದ ಪಠ್ಯಗಳಾಗಿ ಚರ್ಚೆಗೊಳ್ಳುತ್ತವೆ. ಇವುಗಳ ಹಿರಿಮೆಯ ಬಗೆಗೆ ಎರಡು ಮಾತಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಮಳೆ ಧಾರಾಳವಾಗಿ ಸುರಿಯುವ ಸೀಮೆಯಿಂದ ಹುಟ್ಟಿದವು. ಇವುಗಳನ್ನೇ ಓದಿ ಬೆಳೆದ ವಿಮರ್ಶೆಯು ಅರಿವಿಲ್ಲದೆಯೇ ಒಂದು ಸಮೀಕರಣವನ್ನು ಮಾಡಿಕೊಂಡಿದೆ: ನಿಸರ್ಗವೆಂದರೆ ಹಸಿರು, ಹಸಿರು ಇಲ್ಲದಲ್ಲಿ ನಿಸರ್ಗವೂ ಇಲ್ಲ. ಈ ಸಮೀಕರಣವು ಎಷ್ಟು ಹಳೆಯದು, ಎಷ್ಟು ದುಬಾರಿಯಾದುದು ಎಂಬುದನ್ನು ತಿಳಿಯಲು ಮರುಭೂಮಿಯನ್ನು ಕುರಿತ ಬರಹಗಳನ್ನು ಓದುವುದು ಒಂದು ಒಳ್ಳೆಯ ಉಪಾಯ.

ಹಳೆಯದೆನ್ನುವುದಕ್ಕೆ ಕಾವ್ಯಶಾಸ್ತ್ರವೇ ಸಾಕ್ಷಿ. ಮಹಾಕಾವ್ಯದಲ್ಲಿ ಬರಬೇಕಾದ ಹದಿನೆಂಟು ವರ್ಣನೆಗಳನ್ನು ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಪಟ್ಟಿ ಮಾಡಿದ್ದಾನೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನವಿಹಾರ, ಜಲಕ್ರೀಡೆ ಮೊದಲಾದವೆಲ್ಲ ಅಲ್ಲಿವೆ, ಮರುಭೂಮಿ ಇಲ್ಲ. ‘ಕವಿರಾಜಮಾರ್ಗ’ಕ್ಕೆ ದಂಡಿಯೇ ಆಧಾರ. ನಮ್ಮ ಚಂಪೂ ಕವಿಗಳು ಅಷ್ಟಾದಶ ವರ್ಣನೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದವರು. ಹೀಗಾಗಿ ಮಳೆ ಕಡಿಮೆಯಾದ ಎರೆಸೀಮೆಯ ನಡುವೆ ಕುಳಿತು ಬರೆದ ಕವಿಯೂ ತನ್ನ ಕಾವ್ಯದಲ್ಲಿ ತಾವರೆಗೊಳವನ್ನೂ ಮಾವಿನ ತೋಪನ್ನೂ ತಪ್ಪದೆ ನೆಟ್ಟನು. ಅದು ಕವಿಯ ದೋಷವಲ್ಲ, ಕಾವ್ಯದ ಕಟ್ಟಳೆ. ಆದರೂ ಕಟ್ಟಳೆಯೊಂದು ಸಾವಿರ ವರ್ಷ ಬಾಳಿದರೆ ಅದು ಕಣ್ಣಿನ ಅಭ್ಯಾಸವಾಗಿಬಿಡುತ್ತದೆ.

ಪದಗಳನ್ನು ನೋಡಿದರೂ ಇದೇ ಕಥೆ. ‘ಮರು’ ಎಂಬ ಸಂಸ್ಕೃತ ಪದಕ್ಕೆ ಸಾಂಪ್ರದಾಯಿಕ ನಿರುಕ್ತಿಯು ಸಾಯುವುದೆಂಬ ಅರ್ಥದ ‘ಮೃ’ ಧಾತುವನ್ನು ಹೇಳುತ್ತದೆ. ಜೀವಿಗಳು ಸಾಯುವ ಸ್ಥಳವೇ ಮರು. ಇಂಗ್ಲಿಷಿನ ‘ಡೆಸರ್ಟ್’ ಎಂಬುದರ ಮೂಲವಾದ ಲ್ಯಾಟಿನ್ ಪದಕ್ಕೆ ತ್ಯಜಿಸಲ್ಪಟ್ಟದ್ದು ಎಂಬರ್ಥ. ಎರಡೂ ಹೊರಗಿನವರು ಇಟ್ಟ ಹೆಸರುಗಳು. ಅರಬ್ಬಿಯ ‘ಸಹ್ರಾ’ ಎಂಬ ಪದದ ಹಿಂದಿರುವುದು ಮಾತ್ರ ಬಣ್ಣದ ಕಲ್ಪನೆ, ನಸುಗೆಂಪು ಬೆರೆತ ಹಳದಿಯ ನೆಲ. ಅಲ್ಲಿ ಬದುಕಿದವರು ಅದನ್ನು ಬಣ್ಣದಿಂದ ಗುರುತಿಸಿದರೆ, ದೂರದಿಂದ ಕಂಡವರು ಸಾವಿನಿಂದ ಗುರುತಿಸಿದರು.

ಇನ್ನೂ ಕುತೂಹಲಕರವಾದುದು ‘ಮೃಗತೃಷ್ಣಾ’. ಬಾಯಾರಿದ ಜಿಂಕೆಯು ಮರಳಿನ ಮೇಲೆ ನೀರಿನ ಭ್ರಮೆಯನ್ನು ಕಂಡು ಓಡಿ ಓಡಿ ಸಾಯುತ್ತದೆಂಬ ಈ ಪ್ರತಿಮೆ ಭಾರತೀಯ ದರ್ಶನಗಳಲ್ಲಿ, ಕಾವ್ಯಗಳಲ್ಲಿ ಎಷ್ಟು ಬಾರಿ ಬಂದಿದೆಯೋ ಲೆಕ್ಕವಿಲ್ಲ. ಆದರೆ ಥಾರ್ ಮರುಭೂಮಿಯ ಚಿಂಕಾರವು ಬಹುಕಾಲ ನೀರು ಕುಡಿಯದೆಯೇ ಬದುಕಬಲ್ಲ ಪ್ರಾಣಿ. ಎಲೆ, ಕಾಯಿ, ಹುಲ್ಲುಗಳಲ್ಲಿನ ತೇವ ಮತ್ತು ರಾತ್ರಿಯ ಇಬ್ಬನಿಯಿಂದಲೇ ಅದು ತನ್ನ ಅಗತ್ಯವನ್ನು ಬಹುಪಾಲು ಪೂರೈಸಿಕೊಳ್ಳುತ್ತದೆ. ಕಾನಲ್ನೀರಿನ ಬೆನ್ನು ಹತ್ತಿ ಓಡುವ ದಡ್ಡತನ ಅದಕ್ಕಿಲ್ಲ. ಬಾಯಾರಿ ಕಂಗೆಟ್ಟವನು ದಾರಿಹೋಕ ಮನುಷ್ಯ. ಅವನು ತನ್ನ ದಾಹವನ್ನು ಜಿಂಕೆಯ ಮೇಲೆ ಹೊರಿಸಿದ. ರೂಪಕವಾಗಿ ಇದು ಸುಂದರವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ನಿಸರ್ಗದ ವರದಿಯಾಗಿ ಮಾತ್ರ ಇದು ತಪ್ಪು, ಮತ್ತು ಆ ತಪ್ಪು ಪರಕೀಯನ ನೋಟದಿಂದ ಹುಟ್ಟಿದ್ದು. ಇದಕ್ಕೆ ಹೋಲಿಸಿದರೆ ಕನ್ನಡದ ‘ಬಿಸಿಲುಗುದುರೆ’ ಎಷ್ಟೋ ಪ್ರಾಮಾಣಿಕವಾದ ಪದ. ಅದರಲ್ಲಿ ಪ್ರಾಣಿಯ ಮೌಢ್ಯದ ಸುಳಿವಿಲ್ಲ, ಸಾವಿನ ಭಯವೂ ಇಲ್ಲ. ಕಾದ ಬಯಲಿನ ಮೇಲೆ ಕುಣಿಯುವ ಬಿಸಿಲಿನ ಓಟವಷ್ಟೇ ಇದೆ. ಬಯಲನ್ನು ದಿನವೂ ಕಂಡವರು ಮಾತ್ರ ಕೊಡಬಲ್ಲ ಹೆಸರದು.

ತಮಿಳರ ತಿಣೈ ಪರಂಪರೆಯನ್ನು ಇಲ್ಲಿ ನೆನೆಯಬೇಕು. ಐದು ತಿಣೈಗಳಲ್ಲಿ ಒಂದಾದ ‘ಪಾಲೈ’ಯನ್ನು ಮರುಭೂಮಿ ಎಂದು ಅನುವಾದಿಸುವ ರೂಢಿಯಿದೆ, ಅದು ಅರ್ಧ ಸತ್ಯ. ‘ತೊಲ್ಕಾಪ್ಪಿಯಂ’ ಪಾಲೈಗೆ ಪ್ರತ್ಯೇಕವಾದ ನೆಲವನ್ನು ಹೇಳುವುದಿಲ್ಲ. ‘ಶಿಲಪ್ಪದಿಕಾರಂ’ ಹೇಳುವಂತೆ ಕಾಡಿನ ಮುಲ್ಲೈ ಮತ್ತು ಬೆಟ್ಟದ ಕುರಿಂಜಿ ನೆಲಗಳೇ ಬೇಸಗೆಯಲ್ಲಿ ತಮ್ಮ ಸ್ವಭಾವ ಕಳೆದುಕೊಂಡಾಗ ಪಾಲೈಯ ರೂಪವನ್ನು ತಾಳುತ್ತವೆ. ಎಂದರೆ ಅದು ಒಂದು ಸ್ಥಳವಲ್ಲ, ಸ್ಥಿತಿ. ಮಳೆ ಬಂದರೆ ಮರಳಿ ಹೋಗುವಂಥದು. ಅಗಲಿಕೆಯ ಹಾಡುಗಳು ಆ ಸ್ಥಿತಿಗೆ ಸೇರಿದವು. ಒಣನೆಲವನ್ನು ಶಾಶ್ವತವಾದ ಶಾಪವೆಂದು ನೋಡದೆ ಕಾಲಚಕ್ರದ ಒಂದು ಘಟ್ಟವೆಂದು ನೋಡಿದ ಈ ಕಾಣ್ಕೆ ಇಂದಿನ ಪರಿಸರ ವಿಜ್ಞಾನಕ್ಕೂ ಹತ್ತಿರವಾದುದು. ನೆರೆಯ ಕನ್ನಡದಲ್ಲಿ ಇಂಥ ಪರಿಭಾಷೆ ಬೆಳೆಯಲಿಲ್ಲ. ಬದಲಿಗೆ ವಚನಕಾರರು, ಅದರಲ್ಲೂ ಅಲ್ಲಮಪ್ರಭು, ‘ಬಯಲು’ ಎಂಬ ಪದವನ್ನು ಅನುಭಾವದ ಪರಮಪದವನ್ನಾಗಿ ಮಾಡಿದರು. ಕನ್ನಡದ ತಾತ್ವಿಕ ಚಿಂತನೆಗೆ ಇದೊಂದು ದೊಡ್ಡ ಕೊಡುಗೆಯೇ. ಆದರೆ ಬಯಲು ಶೂನ್ಯದ ಸಂಕೇತವಾಗಿ ಎಷ್ಟು ಎತ್ತರಕ್ಕೆ ಏರಿತೋ, ಹುಲ್ಲು, ಹಕ್ಕಿ, ಕುರಿಗಾಹಿಗಳಿರುವ ನೆಲವಾಗಿ ಅಷ್ಟೇ ಬರೆಯಲ್ಪಡದೆ ಉಳಿಯಿತು.

ಮರುಭೂಮಿಯ ಬರಹವೆಂದೊಡನೆ ಇಂಗ್ಲಿಷ್ ಬಲ್ಲ ಓದುಗರಿಗೆ ನೆನಪಾಗುವುದು ಪಾಶ್ಚಾತ್ಯ ಪ್ರವಾಸಿಗಳ ಪರಂಪರೆ. ಚಾರ್ಲ್ಸ್ ಡೌಟಿಯ ‘ಟ್ರಾವೆಲ್ಸ್ ಇನ್ ಅರೇಬಿಯಾ ಡೆಸರ್ಟಾ’ 1888ರಲ್ಲಿ ಬಂತು. ವಿಲ್ಫ್ರೆಡ್ ಥೆಸಿಗರ್ 1946ರಿಂದ 1948ರ ನಡುವೆ ರುಬ್ ಅಲ್ ಖಾಲಿಯನ್ನು ಎರಡು ಸಲ ದಾಟಿ 1959ರಲ್ಲಿ ‘ಅರೇಬಿಯನ್ ಸ್ಯಾಂಡ್ಸ್’ ಪ್ರಕಟಿಸಿದ. ಥೆಸಿಗರನ ಗದ್ಯದ ಸಂಯಮ ಮೆಚ್ಚತಕ್ಕದ್ದು. ತನ್ನೊಡನೆ ನಡೆದ ಬೆಡುಗಳ ಔದಾರ್ಯ, ಒಂದು ಚರ್ಮದ ಚೀಲದ ನೀರನ್ನು ಹಂಚಿಕೊಳ್ಳುವ ಅವರ ರೀತಿ, ಮರಳಿನ ಮೇಲಿನ ಒಂಟೆಯ ಹೆಜ್ಜೆಯಿಂದಲೇ ಅದರ ಒಡೆಯನನ್ನು ಗುರುತಿಸುವ ಅವರ ವಿದ್ಯೆ ಇವೆಲ್ಲವನ್ನೂ ಆತ ಗೌರವದಿಂದ ದಾಖಲಿಸಿದ್ದಾನೆ. ಆದರೆ ಆತನಿಗೆ ಮರುಭೂಮಿ ಬೇಕಾದದ್ದು ತನ್ನ ನಾಗರಿಕತೆಯಿಂದ ತಪ್ಪಿಸಿಕೊಳ್ಳಲು. ಮೋಟಾರು ವಾಹನ ಬಂದೊಡನೆ ಎಲ್ಲವೂ ಕೆಟ್ಟಿತೆಂದು ಹಲುಬುವ ಆತನಿಗೆ, ಬೆಡುಗಳಿಗೂ ಆಸ್ಪತ್ರೆ ಬೇಕಾಗಬಹುದು, ಶಾಲೆ ಬೇಕಾಗಬಹುದು ಎಂಬ ವಿಚಾರ ಅಷ್ಟಾಗಿ ರುಚಿಸದು.

ಅಮೆರಿಕದ ಎಡ್ವರ್ಡ್ ಆಬಿಯ ‘ಡೆಸರ್ಟ್ ಸಾಲಿಟೇರ್’ 1968ರ ಕೃತಿ. ಯೂಟಾ ರಾಜ್ಯದ ಆರ್ಚಸ್ ಪ್ರದೇಶದಲ್ಲಿ ವನಪಾಲಕನಾಗಿ ಕಳೆದ ದಿನಗಳ ಕಥನವದು. ಅಣೆಕಟ್ಟು, ರಸ್ತೆ, ಪ್ರವಾಸೋದ್ಯಮಗಳ ವಿರುದ್ಧ ಆತನ ಸಿಟ್ಟು ಸಾಚಾ. ಹೆಸರಿನಲ್ಲೇ ಇರುವ ಏಕಾಂತ ಮಾತ್ರ ಅನುಮಾನಾಸ್ಪದವಾದುದು. ನವಾಹೊ ಮೊದಲಾದ ಮೂಲನಿವಾಸಿಗಳು ತಲೆಮಾರುಗಳಿಂದ ಬಾಳಿದ ಸೀಮೆ, ಒಬ್ಬ ಬಿಳಿಯ ಗಂಡಸಿನ ಒಂಟಿತನಕ್ಕೆ ರಂಗಸ್ಥಳವಾಗಬೇಕಾದರೆ ಅವರೆಲ್ಲ ಪುಟದ ಅಂಚಿಗೆ ಸರಿಯಬೇಕಾಗುತ್ತದೆ. ಈ ದೃಷ್ಟಿಯಿಂದ ಆಬಿಗಿಂತ ಅರವತ್ತೈದು ವರ್ಷ ಮೊದಲೇ, 1903ರಲ್ಲಿ, ‘ದ ಲ್ಯಾಂಡ್ ಆಫ್ ಲಿಟಲ್ ರೇನ್’ ಬರೆದ ಮೇರಿ ಆಸ್ಟಿನ್ ಹೆಚ್ಚು ದೊಡ್ಡ ಲೇಖಕಿ. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆ ಮತ್ತು ಅದರ ಸುತ್ತಲಿನ ಒಣನಾಡನ್ನು ಕುರಿತ ಆ ಪುಟ್ಟ ಪುಸ್ತಕದಲ್ಲಿ ನೀರಿನ ಜಾಡು ಹಿಡಿದು ನಡೆಯುವ ಸಣ್ಣ ಪ್ರಾಣಿಗಳ ಕಾಲುದಾರಿಗಳಿವೆ, ಹದ್ದುಗಳಿವೆ, ಬುಟ್ಟಿ ಹೆಣೆಯುವ ಪಾಯೂಟ್ ಹೆಂಗಸಿದ್ದಾಳೆ. ಯಾರೂ ಯಾರಿಗೂ ಹಿನ್ನೆಲೆಯಲ್ಲ. ಪುಸ್ತಕ ಬಂದ ಹತ್ತು ವರ್ಷಕ್ಕೆ, 1913ರಲ್ಲಿ, ಲಾಸ್ ಏಂಜಲೀಸ್ ನಗರವು ಕಾಲುವೆ ತೋಡಿ ಆ ಕಣಿವೆಯ ನೀರನ್ನು ಸೆಳೆದುಕೊಂಡಿತು. ಒಣನಾಡು ಎಂಬ ಹೆಸರು ಬಿದ್ದ ನೆಲಕ್ಕೆ ಇರುವ ಅಷ್ಟಿಷ್ಟು ನೀರನ್ನೂ ಕಳೆದುಕೊಳ್ಳುವ ಭಯ ಯಾವಾಗಲೂ ಉಂಟು.

ಒಳಗಿನವರೇ ಬರೆದಾಗ ಚಿತ್ರ ಬೇರೆಯಾಗುತ್ತದೆಂಬುದಕ್ಕೆ ಲಿಬಿಯಾದ ಇಬ್ರಾಹಿಂ ಅಲ್ ಕೋನಿ ಉತ್ತಮ ನಿದರ್ಶನ. 1948ರಲ್ಲಿ ತುವಾರೆಗ್ ಬುಡಕಟ್ಟಿನಲ್ಲಿ ಹುಟ್ಟಿದ ಈತ ಅರಬ್ಬಿಯನ್ನು ಕಲಿತದ್ದು ಹನ್ನೆರಡರ ವಯಸ್ಸಿನಲ್ಲಿ. ಇಂಗ್ಲಿಷಿಗೆ ‘ದ ಬ್ಲೀಡಿಂಗ್ ಆಫ್ ದ ಸ್ಟೋನ್’ ಎಂಬ ಹೆಸರಿನಲ್ಲಿ ಬಂದ ಈತನ ಕಾದಂಬರಿಯಲ್ಲಿ ಬೆಟ್ಟದ ಕಾಡುಕುರಿಯಾದ ವದ್ದಾನ್, ಕಣಿವೆಯ ಬಂಡೆಚಿತ್ರಗಳು ಮತ್ತು ಅವನ್ನು ಕಾಯುವ ಒಬ್ಬ ಅಲೆಮಾರಿ ಇವರ ನಡುವೆ ಗೆರೆ ಎಳೆಯಲಾಗದು. ವಾಹನವೇರಿ ಬಂದೂಕು ಹಿಡಿದು ಬರುವ ಬೇಟೆಗಾರರು ಹುಲ್ಲೆಗಳನ್ನು ಮುಗಿಸಿದ ಮೇಲೆ ವದ್ದಾನಿನ ಮಾಂಸಕ್ಕಾಗಿ ಆ ಮನುಷ್ಯನನ್ನು ಹಿಂಸಿಸುವುದು ಕಥೆ. ಇಲ್ಲಿ ಮರುಭೂಮಿಯು ಆತ್ಮಶೋಧದ ಆಶ್ರಮವಲ್ಲ. ಊಟ, ನಂಬಿಕೆ, ಹರಕೆ, ಭಯಗಳಿಂದ ತುಂಬಿದ ಮನೆ.

ಭಾರತದಲ್ಲಿ ಈ ‘ಮನೆ’ಯ ಬರಹವನ್ನು ಗದ್ಯದಲ್ಲಿ ಸಾಧಿಸಿದವರಲ್ಲಿ ಅನುಪಮ್ ಮಿಶ್ರರು ಪ್ರಮುಖರು. 1948ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ಅವರ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ 1995ರಲ್ಲಿ ಹಿಂದಿಯಲ್ಲಿ ಪ್ರಕಟವಾಯಿತು. ಅವರು ಥಾರ್‌ನವರಲ್ಲ. ಆದರೂ ಅಲ್ಲಿನ ಜನರ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ಆ ಕೃತಿಯು ಪ್ರವಾಸಕಥನವಾಗದೆ ಪದಕೋಶದಂತೆ ಬೆಳೆಯಿತು. ಜೈಸಲ್ಮೇರಿನ ವಾರ್ಷಿಕ ಮಳೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ. ಇಷ್ಟು ಕಡಿಮೆ ಮಳೆಯ ನಾಡಿನ ಭಾಷೆಯಲ್ಲಿ ಮೋಡಕ್ಕೆ ಹತ್ತಾರು ಹೆಸರುಗಳಿರುವುದನ್ನು ಮಿಶ್ರರು ತೋರಿಸುತ್ತಾರೆ. ನೀರಿನಲ್ಲಿ ಮೂರು ಬಗೆ: ನೇರವಾಗಿ ಮಳೆಯಿಂದ ಹರಿದು ಬಂದು ನಿಲ್ಲುವ ‘ಪಾಲರ್’, ಅಂತರ್ಜಲವಾದ ‘ಪಾತಾಳ’, ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಅಡಗಿರುವ ‘ರೇಜಾಣಿ’. ಮೂರನೆಯದಕ್ಕೆ ನೀರಾವರಿ ಇಲಾಖೆಯ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ, ಜನರ ಭಾಷೆಯಲ್ಲಿತ್ತು.

ರೇಜಾಣಿಯ ಕಥೆ ಸ್ವಲ್ಪ ವಿವರವಾಗಿ ಹೇಳತಕ್ಕದ್ದು. ಥಾರ್‌ನ ಕೆಲವು ಕಡೆಗಳಲ್ಲಿ ಮರಳಿನ ಕೆಳಗೆ ಜಿಪ್ಸಮ್‌ನ ಒಂದು ಪಟ್ಟಿ ಹಾದುಹೋಗುತ್ತದೆ. ಅದರ ಅಡಿಯ ಅಂತರ್ಜಲ ಉಪ್ಪು. ಮಳೆಯ ನೀರು ಮರಳಿನಲ್ಲಿ ಇಂಗಿದರೂ ಈ ಪಟ್ಟಿಯನ್ನು ದಾಟಲಾರದೆ ಅದರ ಮೇಲೆಯೇ ತೇವವಾಗಿ ಹರಡಿಕೊಂಡಿರುತ್ತದೆ. ಅಲ್ಲಿ ‘ಕುಂಈ’ ಎಂಬ ಕಿರಿದಾದ ಬಾವಿಯನ್ನು ತೋಡಿದರೆ ಸುತ್ತಲಿನ ಮರಳಿನ ತೇವ ಹನಿಹನಿಯಾಗಿ ಜಿನುಗಿ ಸಿಹಿನೀರಾಗಿ ಒಟ್ಟುಗೂಡುತ್ತದೆ. ಬಾವಿಯ ಬಾಯಿ ಅಗಲವಾದರೆ ನೀರು ಆವಿಯಾಗಿ ಹೋಗುವುದರಿಂದ ಒಬ್ಬನೇ ಕುಳಿತು ಅಗೆಯುವಷ್ಟು ಮಾತ್ರ ಜಾಗ. ಮೂವತ್ತು ಮೊಳಕ್ಕೂ ಮಿಕ್ಕ ಆಳದಲ್ಲಿ, ತಲೆಗೆ ಲೋಹದ ಟೋಪಿ ಇಟ್ಟುಕೊಂಡು, ಗಿಡ್ಡ ಹಿಡಿಯ ಸಲಕರಣೆಯಿಂದ ಅಗೆಯುವವನಿಗೆ ಉಸಿರುಕಟ್ಟದಿರಲೆಂದು ಮೇಲಿನವರು ಹಿಡಿ ಹಿಡಿ ಮರಳನ್ನು ಜೋರಾಗಿ ಕೆಳಗೆಸೆಯುತ್ತಾರೆ. ಅದರೊಂದಿಗೆ ತಣ್ಣನೆಯ ಗಾಳಿ ಇಳಿಯುತ್ತದೆ. ಕುಂಈ ಒಂದು ಮನೆಯ ಸೊತ್ತು, ಅದಿರುವ ನೆಲ ಊರಿನ ಸೊತ್ತು. ಇರುವ ತೇವವನ್ನೇ ಹೊಸ ಬಾವಿಯೂ ಹಂಚಿಕೊಳ್ಳಬೇಕಾದುದರಿಂದ ಊರಿನ ಒಪ್ಪಿಗೆಯಿಲ್ಲದೆ ಯಾರೂ ಮತ್ತೊಂದನ್ನು ತೋಡುವಂತಿಲ್ಲ. ಭೂವಿಜ್ಞಾನ, ಕುಶಲಕರ್ಮ, ಗ್ರಾಮನ್ಯಾಯಗಳು ಒಂದೇ ಬಾವಿಯಲ್ಲಿ ಸೇರಿರುವ ಈ ಪ್ರಸಂಗವು ನಿಸರ್ಗ ಬರಹ ಏನಾಗಬಲ್ಲದೆಂಬುದಕ್ಕೆ ಮಾದರಿಯಾಗಿದೆ.

ಮಿಶ್ರರ ಕೃತಿಗೆ ಮಿತಿಯೊಂದಿದೆ. ಹಳೆಯ ಸಮಾಜದ ವಿವೇಕವನ್ನು ಕೊಂಡಾಡುವ ಭರದಲ್ಲಿ ಅವರು ಜಾತಿಯ ಪ್ರಶ್ನೆಯನ್ನು ಬಹುಮಟ್ಟಿಗೆ ಮೃದುವಾಗಿ ದಾಟಿಹೋಗುತ್ತಾರೆ. ಬಾವಿ ತೋಡಿದವನಿಗೆ ಸಲ್ಲುತ್ತಿದ್ದ ಮರ್ಯಾದೆಯನ್ನು ಅವರು ವರ್ಣಿಸುತ್ತಾರೆ. ಊರಿನ ಯಾವ ನೀರನ್ನು ಯಾರು ಮುಟ್ಟಬಹುದಿತ್ತು ಎಂಬುದು ಅಷ್ಟು ಸ್ಪಷ್ಟವಾಗುವುದಿಲ್ಲ. ದಲಿತ ಸಾಹಿತ್ಯವನ್ನು ಓದಿದ ಕನ್ನಡದ ಓದುಗ ಈ ಮೌನವನ್ನು ಗುರುತಿಸದಿರಲಾರ. ಗುರುತಿಸಿದ ಮೇಲೂ ಪುಸ್ತಕದ ಬೆಲೆ ಕುಂದದು, ಓದು ಎಚ್ಚರದಿಂದ ಕೂಡಿರುತ್ತದೆ ಅಷ್ಟೆ.

ಅದೇ ನಾಡಿನ ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಇನ್ನೊಂದು ದಾರಿ ತೋರಿದರು. 1960ರಲ್ಲಿ ವಿಜಯದಾನ್ ದೇಥಾ ಅವರೊಡನೆ ಬೋರುಂದಾ ಗ್ರಾಮದಲ್ಲಿ ರೂಪಾಯನ ಸಂಸ್ಥಾನವನ್ನು ಕಟ್ಟಿದ ಅವರು ರಾಜಸ್ಥಾನದ ಸಂಸ್ಕೃತಿಯನ್ನು ಜಿಲ್ಲೆಗಳ ಗಡಿಯಿಂದ ವಿಂಗಡಿಸದೆ ಧಾನ್ಯದಿಂದ ವಿಂಗಡಿಸಿದರು: ಸಜ್ಜೆಯ ವಲಯ, ಜೋಳದ ವಲಯ, ಮೆಕ್ಕೆಜೋಳದ ವಲಯ. ಹಾಡು, ದೈವ, ವಾದ್ಯ, ಅಡುಗೆ ಎಲ್ಲವೂ ಆ ವಿಂಗಡಣೆಯೊಳಗೆ ಹೊಸ ಅರ್ಥ ಪಡೆದವು. ಜೋಳದ ಸೀಮೆ, ರಾಗಿಯ ಸೀಮೆ, ಅಕ್ಕಿಯ ಸೀಮೆ ಎಂದು ಮಾತಿಗೆ ಹೇಳುವ ಕನ್ನಡಿಗರಿಗೆ ಈ ಕಲ್ಪನೆ ಹೊಸತೇನಲ್ಲ. ಆದರೆ ಅದನ್ನು ಸಾಹಿತ್ಯ ಚರಿತ್ರೆಯ ಮಾನದಂಡವನ್ನಾಗಿಸುವ ಧೈರ್ಯ ನಮ್ಮ ಸಂಶೋಧನೆಗೆ ಇನ್ನೂ ಬಂದಂತಿಲ್ಲ.

ಮರುಭೂಮಿ ಕನ್ನಡಕ್ಕೆ ಅಷ್ಟೊಂದು ದೂರದ್ದೇ? ಒಂದು ಮರವನ್ನು ತೆಗೆದುಕೊಂಡು ನೋಡಬಹುದು. ಥಾರ್‌ನ ಬದುಕಿನ ಆಧಾರವಾದ ‘ಖೇಜ್ಡಿ’ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ಕನ್ನಡಿಗರು ಪೂಜಿಸಿ ಎಲೆ ಹಂಚಿಕೊಳ್ಳುವ ಬನ್ನಿಯೇ. ನಮ್ಮಲ್ಲಿ ಬನ್ನಿಯೆಂದರೆ ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷ, ಎಲೆಯೆಂದರೆ ಬಂಗಾರ. ಅಲ್ಲಿ ಅದೇ ಮರದ ಎಲೆ ಆಡು, ಒಂಟೆಗಳ ಮೇವು. ಎಳೆಯ ಕಾಯಿ ‘ಸಾಂಗ್ರಿ’ ಎಂಬ ಪಲ್ಯ. ಅದರ ಬುಡದಲ್ಲಿ ಸಜ್ಜೆ ಹುಲುಸಾಗಿ ಬೆಳೆಯುವುದರಿಂದ ಹೊಲದ ನಡುವೆ ನಿಂತರೂ ರೈತ ಅದನ್ನು ಕಡಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಘೋರ ಬರದಲ್ಲಿ ಜನ ಅದರ ತೊಗಟೆಯನ್ನು ಬೀಸಿ ಹಿಟ್ಟು ಮಾಡಿ ತಿಂದು ಜೀವ ಹಿಡಿದುಕೊಂಡರು. 1485ರಲ್ಲಿ ಜಾಂಭೋಜಿ ಸ್ಥಾಪಿಸಿದ ಬಿಷ್ಣೋಯಿ ಪಂಥದ 29 ನಿಯಮಗಳಲ್ಲಿ ಹಸಿ ಮರ ಕಡಿಯಬಾರದೆಂಬುದೂ ಒಂದು. 1730ರಲ್ಲಿ ಜೋಧಪುರದ ಅರಮನೆಯ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕೆಂದು ಅರಸನ ಆಳುಗಳು ಖೇಜಡ್ಲಿ ಗ್ರಾಮಕ್ಕೆ ಬಂದಾಗ ಅಮೃತಾದೇವಿಯೂ ಅವಳ ಹೆಣ್ಣುಮಕ್ಕಳೂ ಸೇರಿ 363 ಮಂದಿ ಮರಗಳನ್ನಪ್ಪಿ ಪ್ರಾಣ ಕೊಟ್ಟರೆಂದು ಆ ಸಮುದಾಯ ನೆನೆಯುತ್ತದೆ. ಶಾಲಾ ಪಾಠಗಳಲ್ಲಿ ಈ ಪ್ರಸಂಗವು ವೃಕ್ಷಪ್ರೇಮದ ನೀತಿಕಥೆಯಾಗಿ ಬರುತ್ತದೆ. ಆ ಮರ ಅವರ ಮೇವು, ಅನ್ನ, ನೆರಳು ಎಲ್ಲವೂ ಆಗಿತ್ತೆಂಬುದನ್ನು ಹೇಳದೆ ಬಿಟ್ಟರೆ ಬಲಿದಾನ ಭಾವುಕತೆಯಾಗಿ ಮಾತ್ರ ಕಾಣುತ್ತದೆ. ಬನ್ನಿಯ ಬಗೆಗೆ ಕನ್ನಡದಲ್ಲಿ ಪುರಾಣವಿದೆ, ಹಬ್ಬವಿದೆ, ಹಾಡಿದೆ. ಅದು ಒಣನಾಡಿನ ಮರ, ನೀರು ಹುಡುಕಿ ಬಹಳ ಆಳಕ್ಕೆ ಬೇರಿಳಿಸುವ ಮರ ಎಂಬ ತಿಳಿವಳಿಕೆಗೆ ಸಾಹಿತ್ಯದಲ್ಲಿ ನೆಲೆ ಸಿಕ್ಕಿಲ್ಲ.

ಬನ್ನಿಯ ದಾಯಾದಿಯೊಂದನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಅಮೆರಿಕ, ಮೆಕ್ಸಿಕೋ ಕಡೆಯಿಂದ ಬಂದು ಮಾರವಾಡದ ಅರಸೊತ್ತಿಗೆಯ ಪ್ರೋತ್ಸಾಹದಿಂದ ಥಾರ್‌ನಲ್ಲಿ ಹರಡಿದ ಗಿಡವನ್ನು ಅಲ್ಲಿ ‘ವಿಲಾಯಿತಿ ಬಬೂಲ್’ ಎನ್ನುತ್ತಾರೆ. ನಮ್ಮಲ್ಲಿ ಅದು ‘ಬಳ್ಳಾರಿ ಜಾಲಿ’. ಬೋಳು ನೆಲವನ್ನು ಹೇಗಾದರೂ ಹಸಿರು ಮಾಡಬೇಕೆಂಬ ಹಟದಿಂದ ತಂದ ಈ ಗಿಡ ಎರಡೂ ಕಡೆ ಹುಲ್ಲುಗಾವಲನ್ನು ನುಂಗಿತು. ಹಸಿರಿನ ಪೂರ್ವಗ್ರಹಕ್ಕೆ ಇದಕ್ಕಿಂತ ಮುಳ್ಳಿನ ರೂಪಕ ಬೇಕಿಲ್ಲ. 1958ರಲ್ಲಿ ಶಂಕುಸ್ಥಾಪನೆಯಾದ, ಈಗ ಇಂದಿರಾಗಾಂಧಿ ಕಾಲುವೆ ಎಂದು ಕರೆಯುವ ನಾಲೆಯೂ ಇದೇ ಕನಸಿನದು. ಅದು ಅನ್ನ ಕೊಟ್ಟಿತು, ಜೌಗು, ಸವಳುಗಳನ್ನೂ ಕೊಟ್ಟಿತು, ಸೇವಣ್ ಹುಲ್ಲಿನ ವಿಸ್ತಾರವಾದ ಬಯಲುಗಳನ್ನು ಹೊಲವಾಗಿಸಿತು.

ಆ ಹುಲ್ಲುಬಯಲಿನ ಹಕ್ಕಿ ‘ಗೋಡಾವಣ್’, 1981ರಿಂದ ರಾಜಸ್ಥಾನದ ರಾಜ್ಯಪಕ್ಷಿ. ಕನ್ನಡದಲ್ಲಿ ಇದಕ್ಕೆ ‘ಎರೆಬೂತ’, ‘ಎರ್ಲಡ್ಡು’ ಎಂಬ ಹೆಸರುಗಳಿವೆ. ಹದಿನೈದು ಕಿಲೋ ತೂಗಬಲ್ಲ, ಸಾಮಾನ್ಯವಾಗಿ ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಈ ಹಕ್ಕಿ ಒಂದು ಕಾಲಕ್ಕೆ ಪಂಜಾಬಿನಿಂದ ದಖನ್ನಿನವರೆಗೆ ಹರಡಿತ್ತು. ಈಗ ಉಳಿದಿರುವುದು ನೂರೈವತ್ತರ ಆಸುಪಾಸು, ಅವುಗಳಲ್ಲಿ ಹೆಚ್ಚಿನವು ಜೈಸಲ್ಮೇರಿನ ಸುತ್ತ. 1980ರಲ್ಲಿ ಘೋಷಿತವಾದ 3162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನವೂ ಅದನ್ನು ಪೂರ್ತಿ ಕಾಯಲಾರದಾಯಿತು. ಮುಂದಿನದನ್ನು ಸರಿಯಾಗಿ ಕಾಣಲಾರದ, ಭಾರದಿಂದಾಗಿ ಚಟ್ಟನೆ ತಿರುಗಲಾರದ ಹಕ್ಕಿಗೆ ಗಾಳಿ ಮತ್ತು ಸೌರ ವಿದ್ಯುತ್ತಿನ ತಂತಿಗಳು ಮೃತ್ಯುವಾದವು. 2021ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯವು ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಅದೇ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನೂ ಮಾನ್ಯ ಮಾಡಿತು. ಇಲ್ಲಿ ಖಳನಾಯಕನಿಲ್ಲ. ಕಲ್ಲಿದ್ದಲಿಗಿಂತ ಬಿಸಿಲಿನ ವಿದ್ಯುತ್ತು ಲೇಸೆಂಬುದೂ ನಿಜ, ಹಕ್ಕಿ ಮುಗಿಯುತ್ತಿರುವುದೂ ನಿಜ. ಆದರೆ ವಿದ್ಯುತ್ತಿನ ಫಲಕಗಳಿಗೆ ಈ ನೆಲವೇ ಏಕೆ ಮೊದಲು ಹೊಳೆಯಿತೆಂದು ಕೇಳಿದರೆ ಉತ್ತರ ಭಾಷೆಯಲ್ಲಿದೆ: ಅದು ‘ಖಾಲಿ’ ನೆಲ. ಜನರು ದೇವರ ಹೆಸರಿನಲ್ಲಿ ಬಿಟ್ಟು ಕಾಪಾಡಿದ ‘ಓರಣ್’ಗಳು ಕೂಡ ಕಂದಾಯದ ಕಾಗದದಲ್ಲಿ ಎಷ್ಟೋ ಕಡೆ ಪಾಳುಭೂಮಿಯಾಗಿದ್ದವು. ಅವುಗಳನ್ನು ಗುರುತಿಸಿ ಅರಣ್ಯವೆಂದು ಅಧಿಸೂಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ರಾಜಸ್ಥಾನ ಸರ್ಕಾರಕ್ಕೆ ಹೇಳಬೇಕಾಗಿ ಬಂದದ್ದು 2024ರ ಡಿಸೆಂಬರಿನಲ್ಲಿ.

ಈ ಕಾಗದದ ಭಾಷೆ ಕರ್ನಾಟಕಕ್ಕೂ ಪರಿಚಿತ. ಪಹಣಿಯಲ್ಲಿ ಬರುವ ‘ಖರಾಬು’ ಎಂಬುದು ಹಾಳಾದದ್ದೆಂಬ ಅರ್ಥದ ಅರಬ್ಬಿ ಪದ. ಕುರಿ ಮೇಯುವ, ತೋಳ ಮರಿ ಹಾಕುವ, ನೆಲಗುಬ್ಬಿ ಗೂಡಿಡುವ ಹುಲ್ಲುನೆಲ ಖರಾಬು! 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ವನ್ಯಧಾಮ ಘೋಷಣೆಯಾಯಿತು. ಆ ಬಯಲಿನ ಬಹುಭಾಗದಲ್ಲಿ ನೀಲಗಿರಿಯ ನೆಡುತೋಪುಗಳು ಎದ್ದಿದ್ದವು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಬೂತ ಅಲ್ಲಿಂದ ಕಣ್ಮರೆಯಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯ ಮೇಲೆ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹಬ್ಬಿತು. ನೆಲವನ್ನು ಗುತ್ತಿಗೆಗೆ ಕೊಟ್ಟ ರೈತರಿಗೆ ಬಾಡಿಗೆ ಬರುತ್ತದೆ, ಭೂಮಿಯಿಲ್ಲದ ಕೂಲಿಯವರಿಗೂ ಕುರಿಗಾಹಿಗಳಿಗೂ ಬಾಡಿಗೆಯಿಲ್ಲ. ಈ ಪ್ರಕರಣಗಳಲ್ಲಿ ಪ್ರತಿಯೊಂದಕ್ಕೂ ಸಮರ್ಥನೆಯುಂಟು, ಕೆಲವು ಸಮರ್ಥನೆಗಳು ಬಲವಾದವೂ ಹೌದು. ಆದರೆ ಪಶ್ಚಿಮಘಟ್ಟದ ಹತ್ತು ಸಾವಿರ ಎಕರೆಯ ಮಾತು ಬಂದಾಗ ಬರಹಗಾರರ ಲೋಕದಲ್ಲಿ ಏಳುವ ಅಲೆಯ ಒಂದಂಶವೂ ಇಲ್ಲಿ ಏಳಲಿಲ್ಲ. ಕಾಡಿಗೆ ಕುವೆಂಪು ಇದ್ದಾರೆ, ತೇಜಸ್ವಿ ಇದ್ದಾರೆ. ಕಾವಲಿಗೆ ಯಾರಿದ್ದಾರೆ?

ಬಯಲುಸೀಮೆಯ ಬಗೆಗೆ ಕನ್ನಡದಲ್ಲಿ ದೊಡ್ಡ ಸಾಹಿತ್ಯವೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ರಾವಬಹಾದ್ದೂರರ ‘ಗ್ರಾಮಾಯಣ’ದಿಂದ ಕುಂ. ವೀರಭದ್ರಪ್ಪನವರ ‘ಅರಮನೆ’ಯವರೆಗೆ ಅದರ ಹರಹು ದೊಡ್ಡದು. ಆದರೆ ಅಲ್ಲಿ ಒಣನೆಲವು ಬರವಾಗಿ, ಹಸಿವಾಗಿ, ದೌರ್ಜನ್ಯವಾಗಿ ಬರುತ್ತದೆ. ಅನಂತಮೂರ್ತಿಯವರ ‘ಬರ’ದಲ್ಲಿಯೂ ನೆಲಕ್ಕಿಂತ ಅಧಿಕಾರಿಯ ಆತ್ಮಸಾಕ್ಷಿಯೇ ಮುಖ್ಯ. ಕನ್ನಡ ಸಾಹಿತ್ಯದೊಳಗೆ ಒಂದು ಅಘೋಷಿತ ಪಾಲುಪಟ್ಟಿ ನಡೆದಂತಿದೆ: ಮಲೆನಾಡಿಗೆ ನಿಸರ್ಗ, ಬಯಲುಸೀಮೆಗೆ ಸಮಾಜ. ಹಸಿದವರ ನಾಡಿನಲ್ಲಿ ಹಕ್ಕಿಯ ಬಗೆಗೆ ಬರೆಯುವುದು ವಿಲಾಸವೆಂಬ ನೈತಿಕ ಸಂಕೋಚ ಇದರ ಹಿಂದಿರಬಹುದು, ಅದು ಗೌರವಕ್ಕೆ ಅರ್ಹವಾದುದೇ. ಆದರೆ ಕುಂಈಯ ಉದಾಹರಣೆಯಲ್ಲಿ ಕಂಡಂತೆ ಒಣನಾಡಿನಲ್ಲಿ ನಿಸರ್ಗದ ತಿಳಿವಳಿಕೆಯೇ ಹಸಿವಿನ ವಿರುದ್ಧದ ಆಯುಧ. ಮರಳಿನ ತೇವವನ್ನು ಓದಬಲ್ಲವನಿಗೆ ಅದು ವಿಲಾಸವಾಗಿರಲಿಲ್ಲ. ಅಪವಾದಗಳೂ ಇಲ್ಲದಿಲ್ಲ, ವಿಜ್ಞಾನಿಯೂ ಪ್ರವಾಸಿಯೂ ಆಗಿದ್ದ ಕೃಷ್ಣಾನಂದ ಕಾಮತರು ರಾಜಸ್ಥಾನದ ಬಗೆಗೆ ಕನ್ನಡದಲ್ಲಿ ಬರೆದರು, ಗಿಡ, ಕೀಟ, ಉಡುಗೆ, ಊಟಗಳನ್ನು ಒಂದೇ ಕುತೂಹಲದಿಂದ ನೋಡುವ ಕಣ್ಣು ಅವರದು. ಆ ಕಣ್ಣು ಪಂಥವಾಗಲಿಲ್ಲ.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡ ಘೋಷಣೆಯದಲ್ಲ. ಮಿಶ್ರರನ್ನೂ ಅಲ್ ಕೋನಿಯನ್ನೂ ಪರಿಸರ ಸಾಹಿತ್ಯದ ಪಠ್ಯವಾಗಿ ಕನ್ನಡದಲ್ಲಿ ಓದಿಸಬೇಕು. ಅದಕ್ಕಿಂತ ತುರ್ತಾದದ್ದು ಬಳ್ಳಾರಿ, ಚಿತ್ರದುರ್ಗ, ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ಕುರಿಗಾಹಿಗಳು ಹುಲ್ಲಿಗೆ, ಮಣ್ಣಿಗೆ, ಗಾಳಿಗೆ, ಮೋಡಕ್ಕೆ ಬಳಸುವ ಪದಗಳನ್ನು ಕಲೆಹಾಕುವುದು. ಕ್ಷೇತ್ರಕಾರ್ಯವೆಂದರೆ ಹಾಡು, ಗಾದೆ, ಒಗಟುಗಳ ಸಂಗ್ರಹವೆಂಬ ರೂಢಿಯನ್ನು ಸ್ವಲ್ಪ ಸಡಿಲಿಸಿದರೆ ಒಂದೊಂದು ಹುಲ್ಲಿನ ಹೆಸರೂ ಸಂಶೋಧನೆಯ ವಸ್ತುವಾಗುತ್ತದೆ. 2016ರಲ್ಲಿ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ವನ್ಯಧಾಮ ಘೋಷಿತವಾಗಿದೆ. ಮೃಗತೃಷ್ಣೆಯ ಮೃಗ ನಮ್ಮ ಮನೆಯಂಗಳದಲ್ಲೇ ಇದೆ ಎಂದಾಯಿತು. ಎರೆಬೂತದ ವಿಷಯದಲ್ಲಿ ಅಷ್ಟು ಬಿಡುವಿಲ್ಲ. ಸಿರುಗುಪ್ಪದ ಎರೆಹೊಲಗಳಲ್ಲಿ ಕಂಡುಬಂದವು ಬೆರಳೆಣಿಕೆಯಷ್ಟು. ಆ ಹೊಲಗಳ ರೈತರಿಗೆ ಈ ಹಕ್ಕಿಯ ನಡೆ, ಮೇವು, ಅದು ಕಾಣಿಸಿಕೊಳ್ಳುವ ಕಾಲ ಇವು ಗೊತ್ತಿವೆ. ಅದನ್ನು ಅವರ ಮಾತಿನಲ್ಲಿಯೇ ಬರೆದಿಡುವ ಕೆಲಸವನ್ನು ಈ ವರ್ಷದ ಒಬ್ಬ ವಿದ್ಯಾರ್ಥಿ ಕೈಗೆತ್ತಿಕೊಂಡರೂ ಅದು ತಡವೇ, ಆದರೆ ಅಸಾಧ್ಯವೇನಲ್ಲ.